ಜಂಬಿಟ್ಟಿಗೆ ಮಣ್ಣು: ಪಠ್ಯದ ವಿವರಣೆ ಎಷ್ಟು ಸರಿ?

ಪ್ರೌಢಶಾಲೆಯ ಭೂಗೋಳದಲ್ಲಿ ಕರ್ನಾಟಕದ ಮಣ್ಣುಗಳ ಪಾಠವನ್ನು ನೀವು ಓದಿದ್ದೀರಿ. ಶಿಕ್ಷಕರಾಗಿದ್ದರೆ ಹಲವು ಬಾರಿ ಬೋಧಿಸಿದ್ದೀರಿ. ಕೆಂಪು ಮಣ್ಣು, ಕಪ್ಪು ಮಣ್ಣು, ಜಂಬಿಟ್ಟಿಗೆ ಮಣ್ಣು, ಮೆಕ್ಕಲು ಮಣ್ಣು ಎಂಬ ನಾಲ್ಕು ಉಪಶೀರ್ಷಿಕೆಗಳು. ಒಂದೊಂದರ ಕೆಳಗೆ ನಾಲ್ಕೈದು ಸಾಲುಗಳು. ಕೊನೆಗೆ 'ಹೊಂದಿಸಿ ಬರೆಯಿರಿ'. ಈ ನಾಲ್ಕರಲ್ಲಿ ಜಂಬಿಟ್ಟಿಗೆ ಮಣ್ಣಿಗೆ ಸಿಕ್ಕಿರುವ ಸಾಲುಗಳನ್ನು ಮಾತ್ರ ಎತ್ತಿಕೊಂಡು, ಅವು ನೆಲದ ಮೇಲಿನ ವಾಸ್ತವಕ್ಕೆ ಎಷ್ಟು ಹತ್ತಿರವಾಗಿವೆ ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪಠ್ಯಗಳಲ್ಲಿ, ಗೈಡುಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಲ್ಲಿ ಪದಗಳು ಬೇರೆ ಬೇರೆಯಾದರೂ ಹೇಳುವ ವಿಷಯ ಒಂದೇ:

1. ಅಧಿಕ ಮಳೆ, ಅಧಿಕ ಉಷ್ಣತೆ ಇರುವ ಪ್ರದೇಶಗಳಲ್ಲಿ ಈ ಮಣ್ಣು ಕಂಡುಬರುತ್ತದೆ.
2. ಮಳೆನೀರಿನಲ್ಲಿ ಸಿಲಿಕ ಬಸಿದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿಯುವುದರಿಂದ ಇದು ಉಂಟಾಗುತ್ತದೆ.
3. ಇದು ಒದ್ದೆಯಾದಾಗ ಮೃದುವಾಗಿಯೂ ಒಣಗಿದಾಗ ಗಟ್ಟಿಯಾಗಿಯೂ ಇರುತ್ತದೆ.
4. ಇದರ ಫಲವತ್ತತೆ ಕಡಿಮೆ; ಗೋಡಂಬಿ, ಚಹಾ, ಕಾಫಿ, ರಬ್ಬರ್ ಬೆಳೆಗಳಿಗೆ ಸೂಕ್ತ.

ಇವುಗಳಲ್ಲಿ ಪೂರ್ತಿ ಸುಳ್ಳು ಎನ್ನುವಂಥದು ಯಾವುದೂ ಇಲ್ಲ. ನಾಲ್ಕು ಸಾಲಿನಲ್ಲಿ ಒಂದು ಮಣ್ಣನ್ನು ಪರಿಚಯಿಸುವುದು ಕಷ್ಟದ ಕೆಲಸ ಎಂಬುದನ್ನೂ ಒಪ್ಪಬೇಕು. ದೋಷ ಇರುವುದು ಬೇರೆ ಕಡೆ. ಯಾವ ಮಣ್ಣನ್ನೇ ಆಗಲಿ ವಿವರಿಸುವಾಗ ಮೂರು ಸಂಗತಿಗಳನ್ನು ಪ್ರತ್ಯೇಕವಾಗಿ ಹೇಳಬೇಕಾಗುತ್ತದೆ: ಅದು ಎಂಥ ವಸ್ತು, ಯಾವ ಕಾಲದ ಯಾವ ಹವಾಗುಣದಲ್ಲಿ ಉಂಟಾಯಿತು, ಭೂದೃಶ್ಯದಲ್ಲಿ ಎಲ್ಲಿ ನೆಲೆಗೊಂಡಿದೆ. ಪಠ್ಯವು ಮೊದಲ ಎರಡನ್ನು ಒಂದರೊಡನೊಂದು ಬೆರೆಸಿ, ಮೂರನೆಯದನ್ನು ಬಿಟ್ಟೇಬಿಟ್ಟಿದೆ. ಇದರಿಂದ ಏನು ನಷ್ಟ ಎಂದು ನೀವು ಕೇಳಬಹುದು. ಒಂದೊಂದಾಗಿ ನೋಡೋಣ.

ಕಲ್ಲೋ, ಮಣ್ಣೋ?

ಮೊದಲು ಹೆಸರನ್ನೇ ಗಮನಿಸಿ. 'ಲ್ಯಾಟರೈಟ್' ಎಂಬ ಹೆಸರನ್ನು ಕೊಟ್ಟವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಫ್ರಾನ್ಸಿಸ್ ಬುಕನನ್. 1800-01ರಲ್ಲಿ ಅವನು ಮದರಾಸಿನಿಂದ ಹೊರಟು ಮೈಸೂರು, ಕೆನರಾ ಮತ್ತು ಮಲಬಾರ್ ಪ್ರದೇಶಗಳಲ್ಲಿ ಸಂಚರಿಸಿದ. ಆ ಪ್ರವಾಸದ ವರದಿ 1807ರಲ್ಲಿ ಪ್ರಕಟವಾಯಿತು. ಇಂದಿನ ಕೇರಳದ ಮಲಪ್ಪುರಂ ಜಿಲ್ಲೆಗೆ ಸೇರಿದ ಅಂಗಾಡಿಪುರಂನಲ್ಲಿ ಜನರು ನೆಲದಿಂದ ಮೃದುವಾದ ಒಂದು ವಸ್ತುವನ್ನು ಕಬ್ಬಿಣದ ಉಪಕರಣದಿಂದ ಚೌಕಾಕಾರವಾಗಿ ಕತ್ತರಿಸಿ ತೆಗೆಯುತ್ತಿದ್ದುದನ್ನು ಅವನು ಕಂಡ. ಗಾಳಿಗೆ ಒಡ್ಡಿದ ಮೇಲೆ ಅದು ಇಟ್ಟಿಗೆಯಂತೆ ಗಟ್ಟಿಯಾಗುತ್ತಿತ್ತು. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಅದರಿಂದ ಈ ಹೆಸರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು 1979ರಲ್ಲಿ ಆ ಸ್ಥಳವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು.

ಅಲ್ಲಿನ ಜನ ಆ ವಸ್ತುವನ್ನು ಇಟ್ಟಿಗೆ ಕಲ್ಲು ಎಂದೇ ಕರೆಯುತ್ತಿದ್ದರು. ನಮ್ಮ 'ಜಂಬಿಟ್ಟಿಗೆ'ಯಲ್ಲೂ ಇಟ್ಟಿಗೆ ಇದೆ. ಕರಾವಳಿಯಲ್ಲಿ ಇದು ಮುರಕಲ್ಲು ಅಥವಾ ಕೆಂಪುಕಲ್ಲು. ಉತ್ತರ ಕನ್ನಡದ ಕಡೆ ಚಿರೇಕಲ್ಲು. ಯಾವ ಹೆಸರನ್ನು ತೆಗೆದುಕೊಂಡರೂ ಅದು ಕಲ್ಲಿನ ಹೆಸರು, ಮನೆ ಕಟ್ಟುವವರು ಕೊಟ್ಟ ಹೆಸರು. ಬೇಸಾಯದ ಮಣ್ಣಿಗೆ ರೈತರು ಕೊಟ್ಟ ಹೆಸರಲ್ಲ. ಪಠ್ಯವು ಈ ಕಟ್ಟಡದ ಕಲ್ಲಿನ ಹೆಸರಿಗೆ 'ಮಣ್ಣು' ಎಂಬ ಪದವನ್ನು ಸೇರಿಸಿ, ಕಲ್ಲಿನ ಗುಣಗಳನ್ನೂ ಮಣ್ಣಿನ ಗುಣಗಳನ್ನೂ ಒಂದೇ ಪಟ್ಟಿಯಲ್ಲಿ ಇಟ್ಟಿದೆ.

ಮೂರನೆಯ ಹೇಳಿಕೆಯಲ್ಲಿ ಈ ಗೊಂದಲ ಎದ್ದು ಕಾಣುತ್ತದೆ. ಒದ್ದೆಯಾದಾಗ ಮೃದು, ಒಣಗಿದಾಗ ಗಟ್ಟಿ ಎಂಬ ಮಾತು ಕೆರೆಯ ಜೇಡಿಗೂ ಹೊಂದುತ್ತದೆ, ಎರೆ ಮಣ್ಣಿಗೂ ಹೊಂದುತ್ತದೆ. ಆದರೆ ಜಂಬಿಟ್ಟಿಗೆಯ ವಿಶೇಷವೆಂದರೆ, ಒಮ್ಮೆ ಗಟ್ಟಿಯಾದುದು ಮತ್ತೆ ಮೃದುವಾಗುವುದಿಲ್ಲ. ನೆಲದೊಳಗೆ ಸದಾ ತೇವದಲ್ಲಿರುವ ಕಬ್ಬಿಣಭರಿತ ಜೇಡಿಯು ಮತ್ತೆ ಮತ್ತೆ ಒದ್ದೆಯಾಗಿ ಒಣಗಿದಾಗ, ಅದರಲ್ಲಿರುವ ಕಬ್ಬಿಣದ ಆಕ್ಸೈಡುಗಳು ಹರಳುಗಟ್ಟಿ ಕಣಗಳನ್ನು ಒಂದಕ್ಕೊಂದು ಬೆಸೆಯುತ್ತವೆ. ಈ ಬದಲಾವಣೆ ಹಿಂದಿರುಗುವಂಥದಲ್ಲ. ಹಾಗೆ ಹಿಂದಿರುಗುವುದಾಗಿದ್ದರೆ ಕರಾವಳಿಯ ಮುರಕಲ್ಲಿನ ಮನೆಗಳು ಮೊದಲ ಮಳೆಗಾಲದಲ್ಲೇ ಕರಗಿಹೋಗಬೇಕಿತ್ತಲ್ಲವೇ? ಇನ್ನೂ ಗಟ್ಟಿಯಾಗದೆ ನೆಲದಲ್ಲಿರುವ ಆ ಮೃದು ವಸ್ತುವಿಗೆ ಮೃದ್ವಿಜ್ಞಾನಿಗಳು 'ಪ್ಲಿಂಥೈಟ್' ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ 'ಪ್ಲಿಂಥೋಸ್' ಎಂದರೂ ಇಟ್ಟಿಗೆಯೇ!

ಇನ್ನು ಬೇಸಾಯಕ್ಕೆ ಒದಗುವ ಮಣ್ಣು. ಅದು ಈ ಕಲ್ಲಿನ ಪದರದ ಮೇಲೆ ತೆಳುವಾಗಿ ಹರಡಿದ ಕೆಂಪು ಗರಸು ಮಣ್ಣಾಗಿರಬಹುದು, ಗುಡ್ಡದ ಇಳಿಜಾರಿನ ಆಳವಾದ ಕೆಂಪು ಗೋಡು ಆಗಿರಬಹುದು, ಕಣಿವೆಯಲ್ಲಿ ಶೇಖರವಾದ ಹಳದಿ ಛಾಯೆಯ ಗದ್ದೆ ಮಣ್ಣಾಗಿರಬಹುದು. ಈ ಕಾರಣದಿಂದಲೇ 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ ಅನಂತರ ನಮ್ಮ ಸಮೀಕ್ಷೆಗಳಲ್ಲೂ ಬಳಕೆಗೆ ಬಂದ ಮಣ್ಣಿನ ವರ್ಗೀಕರಣದಲ್ಲಿ ಲ್ಯಾಟರೈಟ್ ಎಂಬ ಗಣವೇ ಇಲ್ಲ. ಪಠ್ಯ ಒಂದೇ ಹೆಸರಿನಲ್ಲಿ ಕರೆಯುವ ಮಣ್ಣುಗಳು ಅಲ್ಲಿ ಅಲ್ಟಿಸಾಲ್, ಆಲ್ಫಿಸಾಲ್, ಇನ್ಸೆಪ್ಟಿಸಾಲ್ ಮುಂತಾದ ಗಣಗಳಲ್ಲಿ ಹಂಚಿಹೋಗಿವೆ. ಈ ಹೆಸರುಗಳನ್ನು ಪ್ರೌಢಶಾಲೆಯ ಮಕ್ಕಳ ತಲೆಗೆ ತುಂಬಬೇಕೆಂದು ಯಾರೂ ಹೇಳುವುದಿಲ್ಲ. ಕಲ್ಲು ಬೇರೆ, ಅದರೊಡನೆ ಸಿಗುವ ಮಣ್ಣು ಬೇರೆ ಎಂಬಷ್ಟನ್ನಾದರೂ ತಿಳಿಸಬಹುದು.

ಸಿಲಿಕ ಹೋಯಿತು, ಆದರೆ ಎಲ್ಲವೂ ಹೋಗಲಿಲ್ಲ

ಎರಡನೆಯ ಹೇಳಿಕೆ ಈ ನಾಲ್ಕರಲ್ಲಿ ಉತ್ತಮವಾದುದು. ಬಿಸಿ ಮತ್ತು ತೇವ ಇರುವಲ್ಲಿ ಶಿಲೆಯ ಶಿಥಿಲೀಕರಣ ವೇಗವಾಗಿ ನಡೆಯುತ್ತದೆ. ಫೆಲ್ಸ್ಪಾರ್‌ನಂಥ ಖನಿಜಗಳು ಒಡೆದು ಸೋಡಿಯಂ, ಪೊಟಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲು ನೀರಿನೊಡನೆ ಹೊರಟುಹೋಗುತ್ತವೆ. ಅವುಗಳ ಹಿಂದೆಯೇ ಸಿಲಿಕದ ಒಂದಂಶವೂ ನಿಧಾನವಾಗಿ ಕರಗಿ ಹೋಗುತ್ತದೆ. ಅಲ್ಯೂಮಿನಿಯಂ ಮತ್ತು ಫೆರಿಕ್ ಕಬ್ಬಿಣ ಸಾಮಾನ್ಯ ಮಣ್ಣಿನ ನೀರಿನಲ್ಲಿ ಕರಗುವುದು ತೀರ ಅತ್ಯಲ್ಪ. ಆದ್ದರಿಂದ ಅವು ಉಳಿಯುತ್ತವೆ. ಉಳಿದ ಕಬ್ಬಿಣವು ಹೆಮಟೈಟ್ ಆದರೆ ಕೆಂಪು, ಗೋಥೈಟ್ ಆದರೆ ಹಳದಿ ಅಥವಾ ಕಂದು. ಅಲ್ಯೂಮಿನಿಯಂ ಹೆಚ್ಚಾಗಿ ಉಳಿದಲ್ಲಿ ಅದು ಬಾಕ್ಸೈಟ್ ಅದಿರಾಗುತ್ತದೆ. ಬೆಳಗಾವಿಯ ಸುತ್ತಣ ಬಾಕ್ಸೈಟ್ ನಿಕ್ಷೇಪಗಳು ಇಂಥವೇ.

ಇಲ್ಲಿ ಪಠ್ಯ ಬಿಟ್ಟಿರುವುದು ಎರಡು ಮಾತು. ಮೊದಲನೆಯದು, ಸಿಲಿಕವೆಲ್ಲ ಒಂದೇ ಬಗೆಯದಲ್ಲ. ಖನಿಜಗಳು ಒಡೆದಾಗ ಬಿಡುಗಡೆಯಾಗುವ ಸಿಲಿಕ ಕರಗಿಹೋಗುತ್ತದೆ. ಸ್ಫಟಿಕಶಿಲೆಯ ಹರಳುಗಳಾಗಿರುವ ಸಿಲಿಕ ಹಟ ಹಿಡಿದು ನಿಲ್ಲುತ್ತದೆ. ಕರಾವಳಿಯ ಮುರಕಲ್ಲನ್ನು ಸೂಕ್ಷ್ಮವಾಗಿ ನೋಡಿದರೆ ಅದರ ಕೆಂಪಿನ ನಡುವೆ ಬಿಳಿಯ ಸ್ಫಟಿಕದ ಕಣಗಳು ಕಾಣುತ್ತವೆ. ಅಲ್ಲಿನ ಮೂಲಶಿಲೆ ಗ್ರಾನೈಟ್ ಮತ್ತು ನೈಸ್. ಬಸಾಲ್ಟ್‌ನಿಂದ ಆದ ಬೀದರ್‌ನ ಜಂಬಿಟ್ಟಿಗೆಯಲ್ಲಿ ಅಂಥ ಕಣಗಳನ್ನು ನಿರೀಕ್ಷಿಸುವಂತಿಲ್ಲ. 'ಸಿಲಿಕ ಬಸಿದುಹೋಗುತ್ತದೆ' ಎಂದಷ್ಟೇ ಓದಿದ ವಿದ್ಯಾರ್ಥಿಯು ಕೈಯಲ್ಲಿರುವ ಕಲ್ಲಿನಲ್ಲಿ ಮರಳಿನ ಕಣ ಕಂಡಾಗ ತಬ್ಬಿಬ್ಬಾಗುವುದು ಸಹಜ.

ಎರಡನೆಯದು, ಕಬ್ಬಿಣವೂ ಚಲಿಸುತ್ತದೆ. ನೀರು ನಿಂತು ಗಾಳಿಯಾಡದ ಕಡೆ ಫೆರಿಕ್ ಕಬ್ಬಿಣ ಅಪಕರ್ಷಣಗೊಂಡು ಫೆರಸ್ ಆಗುತ್ತದೆ. ಫೆರಸ್ ರೂಪ ನೀರಿನಲ್ಲಿ ಕರಗುತ್ತದೆ, ಹರಿಯುತ್ತದೆ. ಬೇಸಗೆಯಲ್ಲಿ ಅಂತರ್ಜಲ ಇಳಿದು ಗಾಳಿ ನುಗ್ಗಿದಾಗ ಮತ್ತೆ ಉತ್ಕರ್ಷಣಗೊಂಡು ಫೆರಿಕ್ ಆಗಿ ಅಲ್ಲೇ ಕೂರುತ್ತದೆ. ವರ್ಷವರ್ಷವೂ ಮಳೆಗಾಲ ಮತ್ತು ಬೇಸಗೆ ಸರದಿಯಂತೆ ಬಂದಾಗ ಈ ಏರಿಳಿತದ ವಲಯದಲ್ಲಿ ಕಬ್ಬಿಣ ಕೂಡುತ್ತ ಹೋಗುತ್ತದೆ. ಆದ್ದರಿಂದ 'ಅಧಿಕ ಮಳೆ' ಎಂದರೆ ಸಾಲದು. ಮಳೆ ಮತ್ತು ಒಣ ಋತುಗಳ ಸರದಿ ಮುಖ್ಯ ಎನ್ನಬೇಕು.

ಬೀದರ್ ಒಡ್ಡುವ ಪ್ರಶ್ನೆ

ಈಗ ಮೊದಲನೆಯ ಹೇಳಿಕೆಗೆ ಬರೋಣ. ಜಂಬಿಟ್ಟಿಗೆ ಅಧಿಕ ಮಳೆಯ ಪ್ರದೇಶದಲ್ಲಿ ಕಂಡುಬರುತ್ತದೆ ಎನ್ನುವುದಾದರೆ, ಮಂಗಳೂರಿನ ವಿದ್ಯಾರ್ಥಿಗೆ ಯಾವ ತೊಡಕೂ ಇಲ್ಲ. ಅಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ಬೀದರ್‌ನ ವಿದ್ಯಾರ್ಥಿ ಏನು ಮಾಡಬೇಕು? ಅವನ ಊರಿಗೆ ಬೀಳುವ ಮಳೆ ಸುಮಾರು 850ರಿಂದ 900 ಮಿ.ಮೀ. ಆದರೆ ಅವನ ಊರು ನಿಂತಿರುವುದೇ ಜಂಬಿಟ್ಟಿಗೆಯ ಮೇಲೆ! ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ವರ್ಗಾಯಿಸಿದಾಗ, ಕೋಟೆಯ ಸುತ್ತಣ ಕಂದಕವನ್ನು ಈ ಕಲ್ಲಿನಲ್ಲೇ ಕೊರೆಸಿದರು. ಕಂದಕವನ್ನು ಮೂರು ಪಾಲಾಗಿ ಬೇರ್ಪಡಿಸುವ ಗೋಡೆಗಳು ಕಟ್ಟಿದವಲ್ಲ, ಕೊರೆಯುವಾಗ ಬಿಟ್ಟವು. ಊರಿನ ಸುತ್ತ ಹತ್ತಾರು ಅಡಿ ದಪ್ಪದ ಜಂಬಿಟ್ಟಿಗೆ, ಅದರ ಕೆಳಗೆ ಬಸಾಲ್ಟ್.

ಉತ್ತರ ಇರುವುದು ಕಾಲದಲ್ಲಿ. ದಖನ್ನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಆಗ ಭಾರತ ಭೂಭಾಗ ಇಂದಿನ ಜಾಗದಲ್ಲಿರಲಿಲ್ಲ. ದಕ್ಷಿಣ ಗೋಳಾರ್ಧದಿಂದ ಉತ್ತರಕ್ಕೆ ಸರಿಯುತ್ತ, ಸಮಭಾಜಕ ವೃತ್ತದ ಬಳಿಯ ಬಿಸಿ ತೇವದ ವಲಯವನ್ನು ದಾಟಿ ಬಂತು. ಪರ್ಯಾಯ ದ್ವೀಪದ ಶಿಥಿಲ ಪದರಗಳಲ್ಲಿರುವ ಮ್ಯಾಂಗನೀಸ್ ಖನಿಜಗಳ ಕಾಲನಿರ್ಣಯವೂ ಇಂಥ ಶಿಥಿಲೀಕರಣ ಕೋಟಿಗಟ್ಟಲೆ ವರ್ಷಗಳ ಹಿಂದೆಯೇ ನಡೆದಿತ್ತೆಂದು ತೋರಿಸಿದೆ. ಬೀದರ್‌ನ ಕಲ್ಲು ಇಂದಿನ ಮಳೆಯ ಸೃಷ್ಟಿಯಲ್ಲ. ಅದು ಹಿಂದಿನ ಹವಾಗುಣದ ಉಳಿಕೆ. ಭೂವಿಜ್ಞಾನಿಗಳು ಇಂಥ ಮಣ್ಣನ್ನು 'ಪ್ರಾಚೀನ ಮಣ್ಣು' ಎಂದು ಕರೆಯುವುದುಂಟು. 'ಕಂಡುಬರುತ್ತದೆ' ಮತ್ತು 'ಉಂಟಾಯಿತು' ಎಂಬ ಎರಡು ಕ್ರಿಯಾಪದಗಳ ನಡುವೆ ಕೋಟ್ಯಂತರ ವರ್ಷಗಳ ಅಂತರ ಇದೆ. ಪಠ್ಯವು ಆ ಅಂತರವನ್ನು ಗಮನಿಸಿಲ್ಲ.

ಬೀದರ್ ಜಿಲ್ಲೆಯ ಪಾಠ ಅಲ್ಲಿಗೇ ಮುಗಿಯುವುದಿಲ್ಲ. ಪ್ರಸ್ಥಭೂಮಿಯ ನೆತ್ತಿಯಿಂದ ಇಳಿದು ಔರಾದ್, ಭಾಲ್ಕಿಗಳ ಕಡೆ ಹೋದರೆ ಕಪ್ಪು ಎರೆ ಭೂಮಿ ಸಿಗುತ್ತದೆ. ಮೇಲಿನ ಕೆಂಪು ಜಂಬಿಟ್ಟಿಗೆಯ ಮೂಲಶಿಲೆಯೂ ಬಸಾಲ್ಟ್, ಕೆಳಗಿನ ಕಪ್ಪು ಎರೆಯ ಮೂಲಶಿಲೆಯೂ ಬಸಾಲ್ಟ್. ಎರಡರ ಮೇಲೂ ಬೀಳುವುದು ಹೆಚ್ಚುಕಡಿಮೆ ಒಂದೇ ಮಳೆ. ಹಾಗಾದರೆ ಮಣ್ಣು ಬೇರೆಯಾದದ್ದು ಹೇಗೆ? ನೆತ್ತಿಯ ಮೇಲೆ ಉಳಿದದ್ದು ಹಳೆಯ ಶಿಥಿಲ ಪದರ. ಅದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕ ಎಂದೋ ಹೊರಟುಹೋಗಿವೆ. ಆ ಪದರ ಕೊಚ್ಚಿಹೋಗಿ ಹೊಸದಾಗಿ ಬಸಾಲ್ಟ್ ಬಯಲಾದ ಕಡೆ, ಕಡಿಮೆ ಮಳೆಯಲ್ಲಿ, ನೀರು ಸುಲಭವಾಗಿ ಬಸಿಯದ ತಗ್ಗಿನಲ್ಲಿ ಅದೇ ಮೂಲವಸ್ತುಗಳು ಉಳಿದು, ಉಬ್ಬಿ ಕುಗ್ಗುವ ಜೇಡಿಯ ಎರೆ ಆಯಿತು. ಒಂದೇ ಶಿಲೆ, ಎರಡು ವಯಸ್ಸು, ಎರಡು ನೆಲೆ. 'ಬಸಾಲ್ಟ್‌ನಿಂದ ಕಪ್ಪು ಮಣ್ಣು, ಅಧಿಕ ಮಳೆಯಿಂದ ಜಂಬಿಟ್ಟಿಗೆ' ಎಂದು ಹೊಂದಿಸಿ ಬರೆದ ವಿದ್ಯಾರ್ಥಿ ಪೂರ್ಣ ಅಂಕ ಪಡೆಯುತ್ತಾನೆ. ತನ್ನ ಜಿಲ್ಲೆಯನ್ನು ಮಾತ್ರ ವಿವರಿಸಲಾರ.

ಪಠ್ಯದಲ್ಲಿ ಇಲ್ಲದ ಭೂದೃಶ್ಯ

ಮಣ್ಣು ಗುಡ್ಡದ ನೆತ್ತಿಯಿಂದ ಕಣಿವೆಯವರೆಗೆ ಕ್ರಮವಾಗಿ ಬದಲಾಗುತ್ತ ಹೋಗುತ್ತದೆ ಎಂಬುದನ್ನು ಪೂರ್ವ ಆಫ್ರಿಕದಲ್ಲಿ ಕೆಲಸ ಮಾಡುತ್ತಿದ್ದ ಜೆಫ್ರಿ ಮಿಲ್ನ್ 1935ರಲ್ಲಿ ವಿವರಿಸಿ, ಈ ಸಾಲಿಗೆ 'ಕೆಟಿನ' ಎಂಬ ಹೆಸರು ಕೊಟ್ಟ. ಲ್ಯಾಟಿನ್‌ನಲ್ಲಿ ಅದರ ಅರ್ಥ ಸರಪಳಿ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ರೈತರಿಗೆ ಇದು ಹೊಸ ಮಾತೇನಲ್ಲ. ಗದ್ದೆಗಳನ್ನು ಅವರು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವುದು ಭೂದೃಶ್ಯದಲ್ಲಿ ಅವು ಇರುವ ನೆಲೆಯನ್ನು ನೋಡಿಯೇ. ತಗ್ಗಿನ ಬೈಲಿನಲ್ಲಿ ನೀರು ಹೆಚ್ಚು ಕಾಲ ನಿಲ್ಲುತ್ತದೆ; ನಡುವಣದು ಮಜಲು; ಮೇಲಿನ ಬೆಟ್ಟು ಮಳೆಯನ್ನೇ ನಂಬಿದ್ದು. ಅದಕ್ಕೂ ಮೇಲೆ ಸಪಾಟಾದ ನೆತ್ತಿಯ ಗುಡ್ಡ. ತುಳುವಿನಲ್ಲಿ ಅದು ಪದವು.

ಪದವಿನಿಂದ ಕೆಳಕ್ಕೆ ನೆಲವನ್ನು ಸೀಳಿ ನೋಡಿದರೆ, ಅಂದರೆ ರಸ್ತೆಗಾಗಿ ಗುಡ್ಡ ಕಡಿದಲ್ಲಿ ಅಥವಾ ಹಳೆಯ ಕಲ್ಲಿನ ಕೋರೆಯಲ್ಲಿ ನೋಡಿದರೆ, ಪದರಗಳು ಕಣ್ಣಿಗೆ ಕಾಣುತ್ತವೆ. ಎಲ್ಲಕ್ಕಿಂತ ಮೇಲೆ ತೆಳು ಗರಸು. ಅದರ ಕೆಳಗೆ ತೂತುತೂತಾದ ಗಟ್ಟಿ ಮುರಕಲ್ಲು. ಅದಕ್ಕೂ ಕೆಳಗೆ ಬಿಳಿ, ನಸುಗೆಂಪು, ಹಳದಿ ಬಣ್ಣಗಳ ನುಣುಪಾದ ಮಣ್ಣು. ಕರಾವಳಿಯ ಜನ ಇದನ್ನು ಶೇಡಿ ಮಣ್ಣು ಎನ್ನುತ್ತಾರೆ. ಇದರಲ್ಲಿ ಕೇಯೊಲಿನೈಟ್ ಜೇಡಿ ಹೇರಳ. ಎಲ್ಲಕ್ಕೂ ಕೆಳಗೆ ಶಿಥಿಲವಾಗುತ್ತಿರುವ ನೈಸ್ ಶಿಲೆ, ಕೊನೆಗೆ ಗಟ್ಟಿ ಬಂಡೆ.

ಈ ನೆತ್ತಿ ಸಪಾಟಾಗಿರುವುದು ಏಕೆ? ಗಟ್ಟಿಯಾದ ಕಲ್ಲಿನ ಟೋಪಿ ಮಳೆಯ ಹೊಡೆತವನ್ನು ತಡೆಯುತ್ತದೆ. ಟೋಪಿ ಇಲ್ಲದ ಕಡೆ ನೆಲ ಬೇಗ ಕೊಚ್ಚಿಹೋಗುತ್ತದೆ. ಕಬ್ಬಿಣ ಕೂಡುವುದು ಅಂತರ್ಜಲ ಏರಿಳಿಯುವ ವಲಯದಲ್ಲಿ ಎಂದು ಮೇಲೆ ಹೇಳಿದೆ. ಅಂಥ ವಲಯ ಹಲವೆಡೆ ತಗ್ಗಿನಲ್ಲೇ ಇರುತ್ತದೆ. ಆ ತಗ್ಗು ಗಟ್ಟಿಯಾದ ಮೇಲೆ ಸುತ್ತಲಿನ ಎತ್ತರದ ನೆಲ ಸವೆದುಹೋದರೆ, ಹಿಂದಿನ ತಗ್ಗೇ ಇಂದಿನ ನೆತ್ತಿಯಾಗಿ ನಿಲ್ಲುತ್ತದೆ. ಭೂರೂಪ ಹೀಗೆ ತಲೆಕೆಳಗಾದ ನಿದರ್ಶನಗಳು ಜಂಬಿಟ್ಟಿಗೆಯ ನಾಡುಗಳಲ್ಲಿ ವರದಿಯಾಗಿವೆ. ಇಷ್ಟು ಸ್ವಾರಸ್ಯದ ವಿಷಯಕ್ಕೆ ಪಠ್ಯದಲ್ಲಿ ಒಂದು ಅಡ್ಡಸೀಳಿನ ಚಿತ್ರವೂ ಇಲ್ಲದಿರುವುದು ವಿಷಾದನೀಯ.

'ಫಲವತ್ತತೆ ಕಡಿಮೆ' ಎಂದರೆ ಏನು?

ನಾಲ್ಕನೆಯ ಹೇಳಿಕೆ ಅತ್ಯಂತ ಸರಳ. ಆದ್ದರಿಂದಲೇ ಅತ್ಯಂತ ಅಪಾಯಕಾರಿ. ಕಾರಣ ಹೇಳದೆ ತೀರ್ಪು ಮಾತ್ರ ಕೊಡುತ್ತದೆ.

ಕಾರಣ ಜೇಡಿಯಲ್ಲಿದೆ. ಸಸ್ಯಪೋಷಕಗಳಾದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟಾಸಿಯಂ ಅಯಾನುಗಳನ್ನು ಜೇಡಿಯ ಕಣಗಳು ತಮ್ಮ ಮೇಲ್ಮೈಯಲ್ಲಿ ಹಿಡಿದಿಟ್ಟುಕೊಂಡು ಬೇರಿಗೆ ಒದಗಿಸುತ್ತವೆ. ಎರೆ ಮಣ್ಣಿನ ಮಾಂಟ್‌ಮೊರಿಲೊನೈಟ್ ಜೇಡಿ 100 ಗ್ರಾಂಗೆ 80ರಿಂದ 150 ಮಿಲಿತುಲ್ಯಾಂಕದಷ್ಟು ಧನ ಅಯಾನುಗಳನ್ನು ಹಿಡಿಯಬಲ್ಲದು. ಜಂಬಿಟ್ಟಿಗೆ ಮಣ್ಣಿನ ಕೇಯೊಲಿನೈಟ್ ಹಿಡಿಯುವುದು 3ರಿಂದ 15 ಮಾತ್ರ. ಜೊತೆಗೆ ಮಣ್ಣು ಆಮ್ಲೀಯ. ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಬಿಗಿಯಾಗಿ ಹಿಡಿದುಕೊಂಡು ಬೇರಿಗೆ ಸಿಗದಂತೆ ಮಾಡುತ್ತವೆ.

ಇಷ್ಟು ತಿಳಿದರೆ ಪರಿಹಾರವೂ ಹೊಳೆಯುತ್ತದೆ. ಜೇಡಿ ಹಿಡಿಯಲಾರದ್ದನ್ನು ಸಾವಯವ ಪದಾರ್ಥ ಹಿಡಿಯುತ್ತದೆ. ಉತ್ತರ ಕನ್ನಡದ ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟಗಳಿಂದ ಸೊಪ್ಪು, ದರಕು ತಂದು ತೋಟಕ್ಕೆ ಹಾಕುವುದರ ಮರ್ಮ ಇದೇ. ಸುಣ್ಣ ಆಮ್ಲೀಯತೆಯನ್ನು ತಗ್ಗಿಸುತ್ತದೆ, ಕ್ಯಾಲ್ಸಿಯಂ ಅನ್ನೂ ಕೊಡುತ್ತದೆ. ಬೂದಿಯಿಂದ ಪೊಟ್ಯಾಷ್ ಸಿಗುತ್ತದೆ. ಬೇಗ ಕರಗುವ ಗೊಬ್ಬರವನ್ನು ಒಮ್ಮೆಲೇ ಸುರಿದರೆ ಆ ಮಳೆಗೆ ಬಸಿದುಹೋಗುತ್ತದೆ, ಕಂತುಗಳಲ್ಲಿ ಕೊಡಬೇಕು. ಕಲ್ಲಿನ ರಂಜಕ ಆಮ್ಲೀಯ ಮಣ್ಣಿನಲ್ಲಿ ನಿಧಾನವಾಗಿ ಕರಗಿ ಒದಗುತ್ತದೆ. 'ಕಡಿಮೆ ಫಲವತ್ತತೆ' ಎಂಬುದು ಈ ಮಣ್ಣಿನ ಹಣೆಬರಹವಲ್ಲ. ಅದು ಪೋಷಕಗಳನ್ನು ಹಿಡಿದಿಡುವ ಶಕ್ತಿಯ ಕೊರತೆ, ಕೊರತೆಯನ್ನು ತುಂಬುವ ದಾರಿಗಳಿವೆ. ಹಾಗೆಯೇ ಕಾಫಿ ಬೆಳೆಯುವುದು ಮಲೆನಾಡಿನ ಕಾಡಿನ ನೆರಳಿನ ಆಳವಾದ ಕೆಂಪು ಗೋಡು ಮಣ್ಣಿನಲ್ಲಿ, ಪದವಿನ ಬರಿ ಕಲ್ಲಿನ ಮೇಲಲ್ಲ. ಎಲ್ಲವನ್ನೂ 'ಜಂಬಿಟ್ಟಿಗೆ' ಎಂದು ಕರೆದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಬಂಜರು ಎಂಬ ಪಟ್ಟ

ಪದಗಳ ಬಗ್ಗೆ ಇಷ್ಟು ತಕರಾರು ಏಕೆ ಎಂದು ಈಗಲೂ ನಿಮಗೆ ಅನ್ನಿಸುತ್ತಿದ್ದರೆ, ಶಾಲೆಯಲ್ಲಿ ಕಲಿತ ಪದ ನೆಲದ ಮೇಲೆ ಏನು ಮಾಡುತ್ತದೆ ಎಂಬುದನ್ನು ನೋಡಿ. ಫಲವತ್ತತೆ ಇಲ್ಲದ ನೆಲ ಎಂದರೆ ಉಪಯೋಗವಿಲ್ಲದ ನೆಲ. ಉಪಯೋಗವಿಲ್ಲದ ನೆಲ ಎಂದರೆ ಕಡಿಯಬಹುದಾದ, ಅಗೆಯಬಹುದಾದ ನೆಲ. ತರ್ಕ ಇಷ್ಟು ಸುಲಭವಾಗಿ ಜಾರುತ್ತದೆ.

ಆ ಬರಿ ಪದವು ಮಾಡುವ ಕೆಲಸ ಹೀಗಿದೆ. ಮಳೆಗಾಲದಲ್ಲಿ ತೂತುಗಲ್ಲಿನ ಮೂಲಕ ನೀರು ಕೆಳಗಿಳಿಯುತ್ತದೆ. ಕೆಳಗಿನ ನೀರು ಬಿಡದ ಪದರದ ಮೇಲೆ ನಿಂತು ಗುಡ್ಡದ ಬದಿಯಲ್ಲಿ ಒಸರುತ್ತದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಸುರಂಗಗಳು ಈ ನೀರನ್ನು ಅಡ್ಡಲಾಗಿ ಕೊರೆದು ಪಡೆಯುವ ವಿಧಾನ. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಗುಡ್ಡದಲ್ಲಿ ಒಬ್ಬರೇ ಸುರಂಗಗಳನ್ನು ತೋಡಿ, ಬರಡು ಎನಿಸಿದ್ದ ಇಳಿಜಾರನ್ನು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅತ್ತ ಬೀದರ್‌ನಲ್ಲೂ ಇದೇ ತತ್ತ್ವ. ಜಂಬಿಟ್ಟಿಗೆಯಲ್ಲಿ ಇಳಿದ ನೀರನ್ನು ಕೆಳಗಿನ ಬಸಾಲ್ಟ್ ತಡೆಯುತ್ತದೆ. ನೌಬಾದ್‌ನ ಕರೇಜ್ ಎಂಬ ಬಹಮನಿ ಕಾಲದ ನೆಲದಡಿಯ ಕಾಲುವೆಯಾಗಲಿ, ನಾನಕ್ ಝೀರಾದ ಬುಗ್ಗೆಯಾಗಲಿ ಈ ರಚನೆಯಿಂದಲೇ ನೀರು ಪಡೆದವು. ಮಳೆ 3,500 ಮಿ.ಮೀ. ಇರಲಿ, 900 ಇರಲಿ, ಭೂದೃಶ್ಯದ ಕಟ್ಟು ಒಂದೇ ಆದಾಗ ಜನರು ಕಂಡುಕೊಂಡ ಉಪಾಯವೂ ಒಂದೇ ಆಗಿದೆ.

ಜೀವಜಾಲದ ಮಾತು ಬೇರೆ. ಮಹಾರಾಷ್ಟ್ರದ ಸಾತಾರ ಬಳಿಯ ಕಾಸ್ ಪ್ರಸ್ಥಭೂಮಿ ಸುಮಾರು 1,200 ಮೀಟರ್ ಎತ್ತರದ ಜಂಬಿಟ್ಟಿಗೆಯ ನೆತ್ತಿ. ಮಣ್ಣು ಅಲ್ಲಿ ಬೆರಳ ದಪ್ಪವೂ ಇಲ್ಲದ ಜಾಗಗಳುಂಟು. ಮಳೆಗಾಲ ಮುಗಿಯುವ ವೇಳೆಗೆ ಅಲ್ಲಿ ಹೂಗಳ ಹಾಸು. ಅವುಗಳ ನಡುವೆ ಡ್ರೊಸೆರ, ಯುಟ್ರಿಕ್ಯುಲೇರಿಯಗಳಂಥ ಕೀಟಾಹಾರಿ ಸಸ್ಯಗಳು. ಮಣ್ಣಿನಲ್ಲಿ ಪೋಷಕ ಸಿಗದಿದ್ದರೆ ಕೀಟದಿಂದ ಪಡೆಯುವ ದಾರಿ ಅವುಗಳದು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕಾಸ್ ಕೂಡ ಅದರಲ್ಲಿ ಸೇರಿತು. ಪಠ್ಯದ ಅಳತೆಗೋಲಿನಲ್ಲಿ ಅದು 'ಫಲವತ್ತಲ್ಲದ' ನೆಲ.

ಕೊನೆಯದು ಸುರಕ್ಷತೆಯ ಪ್ರಶ್ನೆ. ಶೇಡಿ ಮಣ್ಣು ಒಣಗಿದ್ದಾಗ ಸಾಕಷ್ಟು ಭಾರ ತಾಳುತ್ತದೆ. ನೀರು ತುಂಬಿಕೊಂಡಾಗ ಬಲ ಕಳೆದುಕೊಂಡು ಜಾರುತ್ತದೆ. ಅದರ ಮೇಲಿನ ಮುರಕಲ್ಲಿನ ಟೋಪಿಯನ್ನು ತೆಗೆದು ಗುಡ್ಡವನ್ನು ಕಡಿದಾಗಿ ಕತ್ತರಿಸಿದರೆ ಮಳೆಗೆ ಬಯಲಾಗುವುದು ಈ ಪದರವೇ. 2009ರ ಅಕ್ಟೋಬರಿನಲ್ಲಿ ಕಾರವಾರದ ಬಳಿಯ ಕಡವಾಡದಲ್ಲಿ, 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿ ಆದದ್ದನ್ನು ನೀವು ಮರೆತಿರಲಾರಿರಿ. ಪ್ರತಿ ಕುಸಿತಕ್ಕೂ ಅದರದೇ ಆದ ಹಲವು ಕಾರಣಗಳಿರುತ್ತವೆ. ಎಲ್ಲವನ್ನೂ ಒಂದೇ ಮಣ್ಣಿನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಇಂಥ ನಾಡಿನಲ್ಲಿ ಬೆಳೆಯುವ ಮಗು ಮುರಕಲ್ಲಿನ ಕೆಳಗೆ ಏನಿದೆ ಎಂಬುದನ್ನು ಹತ್ತನೆಯ ತರಗತಿ ಮುಗಿಸುವ ಮೊದಲು ತಿಳಿಯಬೇಡವೇ? ರಬ್ಬರ್ ಬೆಳೆಯ ಹೆಸರಿಗಿಂತ ಆ ತಿಳಿವಳಿಕೆ ಹೆಚ್ಚು ಅಗತ್ಯ.

ತರಗತಿಯಲ್ಲಿ ಏನು ಮಾಡಬಹುದು?

ಪಠ್ಯ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಶಿಕ್ಷಕರು ಈ ಕೆಲವು ಸರಳ ಚಟುವಟಿಕೆಗಳನ್ನು ಮಾಡಿಸಬಹುದು.

1. ಒಂದು ತುಂಡು ಮುರಕಲ್ಲು, ಒಂದು ಉಂಡೆ ಶೇಡಿ ಮಣ್ಣು, ಒಂದು ಹೆಂಟೆ ಎರೆ ಮಣ್ಣು. ಮೂರನ್ನೂ ಬೇರೆ ಬೇರೆ ಲೋಟದ ನೀರಿನಲ್ಲಿ ಇಡಿ. ಯಾವುದು ಗುಳ್ಳೆ ಬಿಡುತ್ತದೆ, ಯಾವುದು ಕುಸಿದು ಕರಗುತ್ತದೆ, ಯಾವುದು ಉಬ್ಬುತ್ತದೆ, ಯಾವುದು ಹಾಗೆಯೇ ಉಳಿಯುತ್ತದೆ ಎಂದು ಬರೆದುಕೊಳ್ಳಲಿ. ಮೂರನೆಯ ಹೇಳಿಕೆಯ ಸರಿತಪ್ಪು ಅವರಿಗೇ ಗೊತ್ತಾಗುತ್ತದೆ.

2. ಹಳದಿ ಛಾಯೆಯ ಮಣ್ಣನ್ನು ಹಳೆಯ ಕಬ್ಬಿಣದ ಬಾಣಲೆಯಲ್ಲಿ ಚೆನ್ನಾಗಿ ಕಾಯಿಸಿ. ಬಣ್ಣ ಕೆಂಪಿಗೆ ತಿರುಗುತ್ತದೆ. ಗೋಥೈಟ್ ನೀರನ್ನು ಕಳೆದುಕೊಂಡು ಹೆಮಟೈಟ್ ಆಗುವ ಕ್ರಿಯೆ ಇದು. ಕಾಯಿಸುವ ಕೆಲಸವನ್ನು ಶಿಕ್ಷಕರೇ ಮಾಡುವುದು ಒಳ್ಳೆಯದು.

3. ಶಾಲೆಯ ಹತ್ತಿರದ ರಸ್ತೆಯ ಕಡಿತವನ್ನೋ ತೋಡಿದ ಬಾವಿಯನ್ನೋ ಸುರಕ್ಷಿತ ದೂರದಿಂದ ನೋಡಿ, ಪದರಗಳ ಚಿತ್ರ ಬರೆದು, ಊರಿನವರು ಒಂದೊಂದು ಪದರಕ್ಕೆ ಹೇಳುವ ಹೆಸರನ್ನು ಪಕ್ಕದಲ್ಲಿ ಗುರುತಿಸಲಿ. ಮಳೆಗಾಲದಲ್ಲಿ ಮಾತ್ರ ಕಡಿದ ಗುಡ್ಡದ ಬಳಿಗೆ ಮಕ್ಕಳನ್ನು ಕರೆದೊಯ್ಯಬೇಡಿ.

ಪಠ್ಯ ಬರೆಯುವವರಿಗೆ ಒಂದು ಸಲಹೆ. ನಾಲ್ಕೇ ಸಾಲು ಬೇಕೆಂದಾದರೆ ಹೀಗೆ ಬರೆಯಬಹುದು: 'ಜಂಬಿಟ್ಟಿಗೆಯು ಬಿಸಿ ಹವಾಗುಣದಲ್ಲಿ, ಮಳೆ ಮತ್ತು ಒಣ ಋತುಗಳ ಸರದಿಯಲ್ಲಿ, ಬಹು ದೀರ್ಘಕಾಲ ಶಿಥಿಲಗೊಂಡ ಶಿಲೆಯಿಂದ ಉಂಟಾಗುವ ಕಬ್ಬಿಣ, ಅಲ್ಯೂಮಿನಿಯಂಗಳಿಂದ ಕೂಡಿದ ಪದರ. ಇದು ಕರಾವಳಿಯ ಸಪಾಟು ಗುಡ್ಡಗಳ ಮೇಲೂ, ಹಿಂದಿನ ಹವಾಗುಣದ ಉಳಿಕೆಯಾಗಿ ಬೀದರ್‌ನಂಥ ಒಣ ಪ್ರಸ್ಥಭೂಮಿಯ ಮೇಲೂ ಇದೆ. ಗಾಳಿಗೆ ಒಡ್ಡಿದಾಗ ಶಾಶ್ವತವಾಗಿ ಗಟ್ಟಿಯಾಗುತ್ತದೆ. ಮಳೆನೀರನ್ನು ಕೆಳಗಿಳಿಸಿ ಬುಗ್ಗೆ, ಬಾವಿಗಳಿಗೆ ಒದಗಿಸುತ್ತದೆ. ಇದರೊಡನಿರುವ ಮಣ್ಣು ಆಮ್ಲೀಯ, ಪೋಷಕಗಳನ್ನು ಹಿಡಿದಿಡುವ ಶಕ್ತಿ ಕಡಿಮೆ. ಸೊಪ್ಪುಗೊಬ್ಬರ ಮತ್ತು ಸುಣ್ಣದಿಂದ ಸುಧಾರಿಸುತ್ತದೆ.'

ಈ ಸಾಲುಗಳನ್ನು ಹಳೆಯ ಸಾಲುಗಳ ಪಕ್ಕದಲ್ಲಿಟ್ಟು ನಿಮ್ಮ ವಿದ್ಯಾರ್ಥಿಗಳಿಗೆ ಓದಿಸಿ. ಎರಡರಲ್ಲಿ ಯಾವುದು ತಮ್ಮ ಊರಿನ ನೆಲಕ್ಕೆ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಕೇಳಿ. ಹೊಂದದ ಕಡೆ ತಿದ್ದಲು ಅವರಿಗೇ ಬಿಡಿ.